ಸೂತಕದ ಮನೆಯ ನಕ್ಷತ್ರ

ಡಿಸೆಂಬರ್ ತಿಂಗಳ ಬೆಳಗು ಬೋರನಕಣಿವೆ ಜಲಾಶಯದ ಬಳಿ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಗುಡ್ಡಗಳ ನಡುವೆ ಸಿಕ್ಕಿಕೊಂಡ ಮಂಜು ನೀರಿನ ಮೇಲೆಯೇ ಕೂತಿರುತ್ತದೆ. ಬಿಸಿಲು ಬಂದು ಎಬ್ಬಿಸುವವರೆಗೂ ಅಲ್ಲಾಡುವುದಿಲ್ಲ. ಎಲ್ಲೋ ದೂರದ ಗುಡಿಯ ಮೈಕಿನಲ್ಲಿ ಧನುರ್ಮಾಸದ ಹಾಡು, ಹತ್ತಿರದ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಸರ್‌ಸರ್ ಸದ್ದು, ಬಚ್ಚಲ ಒಲೆಗೆ ತುರುಕಿದ ತೆಂಗಿನ ಮಟ್ಟೆಯ ಹೊಗೆ. ಏರಿಯ ಮೇಲೆ ನಿಂತು ಕೆಳಗೆ ನೋಡಿದರೆ ಸುವರ್ಣಮುಖಿಯ ನೀರು ಹಿಂದಕ್ಕೆ ಸರಿದು ಬಿಟ್ಟುಹೋದ ಗೆರೆಗಳು ದಡದುದ್ದಕ್ಕೂ ಒಂದರ ಕೆಳಗೊಂದು ಕಾಣುತ್ತವೆ. 2023ರ ಮಳೆಗಾಲ ಕೈಕೊಟ್ಟ ಲೆಕ್ಕವನ್ನು ಆ ವರ್ಷದ ಡಿಸೆಂಬರಿನಲ್ಲಿ ಈ ಗೆರೆಗಳಲ್ಲೇ ಓದಿಕೊಳ್ಳಬಹುದಿತ್ತು.

ಏರಿ ಇಳಿದು ಡಾಂಬರು ರಸ್ತೆಗೆ ಬಂದರೆ, ಅದರ ಅರ್ಧ ಅಗಲಕ್ಕೆ ಹುರುಳಿ ಹರಡಿರುತ್ತದೆ. ಬಸ್ಸು, ಲಾರಿ, ಬೈಕುಗಳ ಚಕ್ರಕ್ಕೆ ಸಿಕ್ಕಿ ಕಾಯಿ ಒಡೆಯಲಿ ಎಂದು ಹೊದ್ದಿಸಿದ ಒಣ ಬಳ್ಳಿಯ ಮೇಲೆ ಕಾಲಿಟ್ಟರೆ ಚರಚರ ಎನ್ನುತ್ತದೆ. ಪಕ್ಕದ ಹೊಲದಲ್ಲಿ ರಾಗಿಯ ಸಿವುಡು ಕಟ್ಟುತ್ತಿದ್ದಾರೆ. ಬೇರೆ ವರ್ಷವಾದರೆ ಆಳೆತ್ತರ ಏಳುತ್ತಿದ್ದ ಮೆದೆ ಈ ಸಲ ಮೊಣಕಾಲು ದಾಟಿದರೆ ದೊಡ್ಡದು. ಸೊಗಡವರೆ ಮಾತ್ರ ಹೇಗೋ ಮರ್ಯಾದೆ ಉಳಿಸಿಕೊಂಡಿದೆ. ಬದುವಿನ ಬಳಿ ನಿಂತು ಕಾಯಿ ಮುಟ್ಟಿದರೆ ಅದರ ಎಣ್ಣೆಯಂಥ ಘಮಲು ಬೆರಳಿಗೆ ಮೆತ್ತಿಕೊಳ್ಳುತ್ತದೆ.

ಈ ರಸ್ತೆ ತೆಂಗಿನ ತೋಟದೊಳಕ್ಕೆ ತಿರುಗುವಲ್ಲಿ ಒಂದು ಹಂಚಿನ ಮನೆ. ಜಗಲಿಯ ತೊಲೆಗೆ ಬಿದಿರ ಕಡ್ಡಿಯ ನಕ್ಷತ್ರವೊಂದು ತೂಗುತ್ತಿದೆ. ಕೆಂಪು, ಹಳದಿ ಬಣ್ಣದ ಕಾಗದ, ಒಳಗೊಂದು ಪುಟ್ಟ ಬಲ್ಬು. ಒಂದು ಮೂಲೆ ಸ್ವಲ್ಪ ಮೊಂಡು. ಪ್ರತಿ ವರ್ಷ ಇದನ್ನು ಕಟ್ಟುತ್ತಿದ್ದವರು ಈ ಮನೆಯ ಯಜಮಾನರು. ಗೌರಿ ಹಬ್ಬದ ಆಸುಪಾಸಿನಲ್ಲಿ ಅವರು ತೀರಿಕೊಂಡರು. ಈ ಸಲದ್ದು ಮೊಮ್ಮಗನ ಕೈಕೆಲಸ.

ಈ ಸೀಮೆಯಲ್ಲಿ ಸಾವಾದ ಮನೆಗೆ ಆ ವರ್ಷ ಹಬ್ಬವಿಲ್ಲ. ಒಲೆಯ ಮೇಲೆ ಬಾಣಲೆ ಇಡುವುದಿಲ್ಲ, ಒಬ್ಬಟ್ಟು ತಟ್ಟುವುದಿಲ್ಲ. ನೆರೆಯವರು, ನೆಂಟರು ತಂದುಕೊಟ್ಟದ್ದನ್ನು ತಿನ್ನುವುದು. ಜಾತಿ, ಮತ ಯಾವುದಾದರೂ ಊರಿನ ಜೊತೆ ಬಾಳುವವರು ಊರಿನ ನೋವಿನ ಪದ್ಧತಿಯನ್ನೂ ಪಾಲಿಸುತ್ತಾರೆ. ಈ ಮನೆಯೂ ಪಾಲಿಸಿದೆ. ಕಜ್ಜಾಯವಿಲ್ಲ, ಚಕ್ಕುಲಿಯಿಲ್ಲ, ಹೊಸ ಬಟ್ಟೆಯಿಲ್ಲ. ಪಕ್ಕದ ತೋಟದ ಹೆಂಗಸು ಬೆಳಿಗ್ಗೆಯೇ ಸ್ಟೀಲ್ ಡಬ್ಬಿಯ ತುಂಬ ಕರ್ಜಿಕಾಯಿ ತಂದು ಜಗಲಿಯಲ್ಲಿಟ್ಟಿದ್ದಾಳೆ. ವರ್ಷಾ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಈ ಮನೆಯಿಂದ ಆ ಮನೆಗೆ ತಟ್ಟೆ ಹೋಗುತ್ತಿತ್ತು. ಈ ಬಾರಿ ದಾರಿ ತಿರುಗಿದೆ. ನಕ್ಷತ್ರ ನೋಡಿ ಅವಳಿಗೆ ಆಶ್ಚರ್ಯ. "ಯಜಮಾನ್ರು ಹೋದ್ ವರ್ಷಾನೇ ಹಬ್ಬ ಮಾಡ್ತೀರಾ ಅಕ್ಕಾ?"

ಅಜ್ಜಿ ಅವರೆಕಾಯಿ ಸುಲಿಯುವ ಕೈ ನಿಲ್ಲಿಸಲಿಲ್ಲ. "ಬಾಣಲೆ ಇಟ್ಟಿಲ್ಲ ಕಣಮ್ಮಾ. ಆದ್ರೆ ಮನೇಲಿ ಸೂತಕ ಐತೆ ಅಂತ ಹುಟ್ಟೋ ಮಗೂನ ತಡೆಯೋಕಾಗುತ್ತಾ?"

ಆ ಮಾತನ್ನು ಅವರು ಯಾರಿಗೂ ಪಾಠ ಹೇಳಲು ಆಡಿದ್ದಲ್ಲ. ಆಡಿ ಮುಗಿಸಿ, ಹುಳು ಬಿದ್ದ ಒಂದು ಕಾಯಿಯನ್ನು ಅತ್ತ ಎಸೆದರು. ಗಂಡನ ಹೆಸರು ಬಂದಾಗ ಕಣ್ಣು ತುಂಬಿದ್ದನ್ನು ಮುಚ್ಚಿಡಲೂ ಇಲ್ಲ.

ಹಿತ್ತಿಲ ಕಡೆಯಿಂದ ಟಕ್, ಟಕ್ ಎನ್ನುವ ಸದ್ದು ಬರುತ್ತಿದೆ, ಬನ್ನಿ. ಮೂವರು ಹೆಂಗಸರು ಮಟ್ಟೆ ಸುಲಿದ ಕಾಯನ್ನು ಎಡಗೈಯಲ್ಲಿ ತಿರುಗಿಸುತ್ತಾ, ಮಚ್ಚಿನ ಬೆನ್ನಿನಿಂದ ಹದವಾಗಿ ತಟ್ಟಿ ಚಿಪ್ಪು ಬಿಡಿಸುತ್ತಿದ್ದಾರೆ. ಒಳಗಿನ ಉಂಡೆ ಕೊಬ್ಬರಿಗೆ ಗೀರು ಬೀಳಬಾರದು. ಒಡೆದರೆ ಬೆಲೆ ಹೋಯಿತು. ಕಂದು ಬಣ್ಣದ ಇಡೀ ಉಂಡೆ ಕೈಗೆ ಬಂದಾಗ ಏಳುವ ಎಣ್ಣೆಯ ವಾಸನೆಗೆ ಹಸಿವಾಗುತ್ತದೆ. ಬಲಿತ ಕಾಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಬಿಸಿಲಿಗೆ ಹರವುವುದಿಲ್ಲ, ಬೆಂಕಿ ಕಾಣಿಸುವುದಿಲ್ಲ. ಕತ್ತಲಲ್ಲಿ ನೀರು ತಾನೇ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಎನ್ನುವವರೆಗೂ ಕಾಯಬೇಕು. ಈ ಮನೆಯವರು ಸಂತೋಷ ಎಂದು ಕರೆಯುವುದೂ ಅಂಥದ್ದೇ ಎಂದು ನನಗನ್ನಿಸಿತು: ಒಂದು ದಿನದ ಬಿಸಿಲಿಗೆ ಒಣಗಿದ್ದಲ್ಲ.

ಈ ಕೊಬ್ಬರಿ ಕಟ್ಟಿದ ಚೀಲಗಳು ತಿಪಟೂರಿನ ಮಾರುಕಟ್ಟೆಗೆ ಹೋಗಬೇಕು. ಅಲ್ಲಿ 2023ರಲ್ಲಿ ಸಿಗುತ್ತಿದ್ದ ಬೆಲೆ ಕೇಳಿದರೆ ಅಟ್ಟದಿಂದ ಕಾಯಿ ಇಳಿಸಲೇ ಕೈ ಬರುತ್ತಿರಲಿಲ್ಲ. ಕ್ವಿಂಟಲ್ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಆ ವರ್ಷಕ್ಕೆ ಗೊತ್ತುಮಾಡಿದ್ದ ಬೆಂಬಲ ಬೆಲೆ 11,750 ರೂಪಾಯಿ. ಮಾರುಕಟ್ಟೆಯ ದರ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗೆ ಕುಸಿದಿತ್ತು. ಮೇಲಿಂದ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಸಾರಿದ ವರ್ಷವದು. ಆಸ್ಪತ್ರೆಯ ಸಾಲ ಬೇರೆ. ಮಗ ಬೈಕ್ ಮಾರಿದ್ದಾನೆ.

ಈ ಕುಟುಂಬಕ್ಕೆ ಕ್ರಿಸ್ತನ ಹೆಸರು ಸಿಕ್ಕಿದ್ದೇ ಒಂದು ಬರದಲ್ಲಿ. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ, ಅಂದರೆ 1876ರಿಂದ 78ರವರೆಗೆ, ಮೈಸೂರು ಸೀಮೆ ಹೆಚ್ಚುಕಡಿಮೆ ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು. ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗೆ ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಗಂಡುಮಕ್ಕಳ ಅನಾಥಾಲಯವನ್ನೂ ಹಾಸನದಲ್ಲಿ ಹೆಣ್ಣುಮಕ್ಕಳ ಅನಾಥಾಲಯವನ್ನೂ ನಡೆಸಿದರು. ಅವರು ಈ ಕಡೆಗೆ ಹೊಸಬರೇನಲ್ಲ. 1837ರಲ್ಲೇ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆ ಹೂಡಿದ್ದರು. ಯಜಮಾನರ ತಾತ ತುಮಕೂರಿಗೆ ಬಂದು ಸೇರಿದ ಅಂಥ ಒಬ್ಬ ಹುಡುಗ ಎನ್ನುವುದು ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ಹಬ್ಬದ ದಿನ ಮೊದಲ ತುತ್ತು ಹೊರಗಿನವರಿಗೆ ಹೋಗಬೇಕು ಎನ್ನುವ ಈ ಮನೆಯ ನಿಯಮ ಆ ಹುಡುಗನದೇ ಅಂತೆ. ಹಸಿವಿನಲ್ಲಿ ತನಗೆ ಸಿಕ್ಕ ಗಂಜಿಯನ್ನು ಅವನು ಕಡೆಯವರೆಗೂ ಮರೆಯಲಿಲ್ಲ.

ಅದಕ್ಕೇ ಕರ್ಜಿಕಾಯಿಯ ಡಬ್ಬಿ ಖಾಲಿಯಾಗಿ ಹಿಂತಿರುಗಲಿಲ್ಲ. ಸುಲಿದ ಅವರೆಕಾಳು ತುಂಬಿಕೊಂಡು ಹೋಯಿತು.

ಕತ್ತಲಾಗುವ ಹೊತ್ತಿಗೆ ಟೆಂಪೊದ ಸದ್ದು. ಪಟ್ಟಣದ ಚರ್ಚಿನ ಸಭೆಯವರು ಹಾಡಿಕೊಂಡು ಮನೆಮನೆಗೆ ಬರುವ ರಾತ್ರಿ ಇದು. ಡೋಲು, ಗಿಟಾರು, ಮಫ್ಲರ್ ಸುತ್ತಿದ ಹುಡುಗರು, ಚಳಿಗೆ ಮೂಗು ಕೆಂಪಾದ ಮಕ್ಕಳು. ಈ ಮನೆಯ ಮುಂದೆ ಮೊದಲು ಹಿಂಜರಿದರು, ಡೋಲಿನವನು ಕೋಲನ್ನು ಬಗಲಿಗೆ ಸಿಕ್ಕಿಸಿಕೊಂಡ. ಒಳಗಿಂದ ಬಂದ ಅಜ್ಜಿ, "ಯಾಕ್ರಪ್ಪಾ ಸುಮ್ನೆ ನಿಂತ್ರಿ? ಅವ್ರಿಗೆ ಡೋಲು ಅಂದ್ರೆ ಪ್ರಾಣ" ಎಂದ ಮೇಲೆ ಅಂಗಳ ತುಂಬಿಬಂತು.

ಹಾಡು ಮುಗಿದ ಮೇಲೆ ಸತ್ಯವೇದ ಓದಬೇಕು. ಅದು ಯಾವತ್ತೂ ಯಜಮಾನರ ಕೆಲಸ. ಕನ್ನಡಕ ಹುಡುಕಿ, ಕೆಮ್ಮಿ, ಆಮೇಲೆ ಓದುತ್ತಿದ್ದರಂತೆ. ಈಗ ಪುಸ್ತಕ ಹೈಸ್ಕೂಲಿಗೆ ಹೋಗುವ ಮೊಮ್ಮಗಳ ಕೈಗೆ ಬಂತು. ಅವಳು ತೆಗೆದದ್ದು ಕ್ರಿಸ್ತನ ಹುಟ್ಟಿನ ಕಥೆಯನ್ನಲ್ಲ. 126ನೆಯ ಕೀರ್ತನೆಯನ್ನು, ಕಣ್ಣೀರಿಡುತ್ತ ಬಿತ್ತಲು ಹೋದವರು ಸಿವುಡು ಹೊತ್ತು ಮನೆಗೆ ಬರುವುದನ್ನು ಹೇಳುವ ಆ ಪುಟ್ಟ ಹಾಡನ್ನು. ಸಿವುಡು ಇಷ್ಟೇ ಇಷ್ಟು ಸಿಕ್ಕ ವರ್ಷದಲ್ಲಿ ಅದನ್ನು ಕೇಳುವುದು ಸುಲಭವಲ್ಲ. ಆದರೂ ನೆರೆಮನೆಯ ಹೆಂಗಸೂ ಸೇರಿ ಎಲ್ಲರೂ ತಲೆಬಾಗಿ ಕೇಳಿದರು. ಆಮೇಲೆ ಸಭಾಪಾಲಕರು ಸೆರೆಮನೆಯಲ್ಲಿ ಕೂತು ಫಿಲಿಪ್ಪಿ ಊರಿನವರಿಗೆ ಪತ್ರ ಬರೆದ ಪೌಲನನ್ನು ನೆನೆದರು. ಬಿಡುಗಡೆಯೋ ಮರಣವೋ ತಿಳಿಯದ ಮನುಷ್ಯ ಆ ಪತ್ರದಲ್ಲಿ ಮತ್ತೆ ಮತ್ತೆ ಮಾತಾಡುವುದು ಸಂತೋಷದ ಬಗ್ಗೆ. ನಗುತ್ತಲೇ ಇರಿ ಎಂದು ಅವನು ಯಾರನ್ನೂ ಒತ್ತಾಯಿಸುವುದಿಲ್ಲ. ಕರ್ತನು ಹತ್ತಿರವಿದ್ದಾನೆ ಎನ್ನುವುದು ಅವನು ಕೊಡುವ ಕಾರಣ. ಕೊಬ್ಬರಿಯ ಬೆಲೆ ಏರಿದರೂ ಇಳಿದರೂ ಬದಲಾಗದ ಕಾರಣವದು. ಈ ಅಂಗಳದಲ್ಲಿ ನಿಂತಾಗ ಅದು ನನಗೂ ಸಾಕೆನಿಸಿತು.

ಬಿಸಿ ಕಾಫಿ ಕುಡಿದು ತಂಡ ಹೊರಟಿತು. ಗಂಡನನ್ನು ಕಳೆದುಕೊಂಡ ಹೆಣ್ಣು ಆ ವರ್ಷ ಶುಭದ ಮನೆಗಳಿಗೆ ಕಾಲಿಡುವುದು ಈ ಕಡೆ ವಾಡಿಕೆಯಲ್ಲ. ಅಜ್ಜಿ ಮಾತ್ರ ಶಾಲು ಹೊದ್ದು, ಎಂಟು ಹತ್ತು ತೆಂಗಿನಕಾಯಿಯ ಚೀಲವನ್ನು ಮೊಮ್ಮಗನ ಕೈಗೆ ಕೊಟ್ಟು, ಸೀದಾ ಬಂದು ಟೆಂಪೊದ ಹಿಂಬದಿ ಹಲಗೆ ಹಿಡಿದರು. ಇಬ್ಬರು ಹುಡುಗರು ಕೈಕೊಟ್ಟು ಮೇಲಕ್ಕೆತ್ತಿಕೊಂಡರು. ನೆರೆಮನೆಯವಳು ಬೇಡ ಎನ್ನಲಿಲ್ಲ. ಕೆಳಗೆ ಬಿದ್ದ ಚಪ್ಪಲಿಯನ್ನು ಎತ್ತಿಕೊಟ್ಟಳು.

"ಮುಂದಿನ್ ಮನೇಲಿ ಬಾಣಂತಿ ಅವ್ಳೆ" ಎಂದರು ಅಜ್ಜಿ, ಡೋಲಿನವನ ಪಕ್ಕ ಜಾಗ ಮಾಡಿಕೊಳ್ಳುತ್ತಾ. "ಹಾಡು ಎಷ್ಟು ಜೋರಾಗ್ ಬೇಕಾದ್ರೂ ಹಾಡಿ. ಡೋಲು ಮಾತ್ರ ಕೂಸು ಬೆಚ್ಚದಂಗೆ ಹೊಡೀಬೇಕು, ತಿಳೀತೇನಪ್ಪಾ?"