ನಿದ್ರೆ ಮತ್ತು ಹಾರ್ಮೋನುಗಳು: ಸಾರ್ವಜನಿಕರ ಮಾಹಿತಿಗಾಗಿ

ಕತ್ತಲಾದಂತೆ ಮೆದುಳಿನಲ್ಲಿರುವ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸಿ ಶರೀರವನ್ನು ನಿದ್ರೆಗೆ ಅಣಿಗೊಳಿಸುತ್ತದೆ. ಬೆಳಗಿನ ಜಾವ ಕಾರ್ಟಿಸೋಲ್ ಹಾರ್ಮೋನಿನ ಪ್ರಮಾಣ ಏರಿ ಎಚ್ಚರಗೊಳ್ಳಲು ನೆರವಾಗುತ್ತದೆ. ರಾತ್ರಿ ಪಾಳಿಯ ಕೆಲಸ ಹಾಗೂ ಮೊಬೈಲ್ ಪರದೆಯ ಬೆಳಕು ಈ ಕ್ರಮವನ್ನು ಏರುಪೇರುಗೊಳಿಸುತ್ತವೆ.

ಥೈರಾಯ್ಡ್ ಹಾರ್ಮೋನು ಅಧಿಕವಾದಲ್ಲಿ ನಿದ್ರಾಹೀನತೆಯೂ, ಕಡಿಮೆಯಾದಲ್ಲಿ ಅತಿನಿದ್ರೆ ಹಾಗೂ ಆಯಾಸವೂ ಉಂಟಾಗಬಹುದು. ಇದನ್ನು ರಕ್ತಪರೀಕ್ಷೆಯಿಂದ ಪತ್ತೆಹಚ್ಚಬಹುದಾಗಿದೆ. ಋತುಬಂಧದ ಸಮಯದಲ್ಲಿ ಈಸ್ಟ್ರೋಜನ್ ಇಳಿಮುಖವಾಗುವುದರಿಂದ ಮಹಿಳೆಯರಿಗೆ ರಾತ್ರಿ ಬೆವರಿ ಎಚ್ಚರವಾಗುವುದುಂಟು.

ನಿದ್ರೆ ಮಾತ್ರೆಯು ಈ ಮೂಲಕಾರಣಗಳನ್ನು ನಿವಾರಿಸುವುದಿಲ್ಲ. ಅದನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ತೊಂದರೆ ವಾರಗಟ್ಟಲೆ ಮುಂದುವರಿದಲ್ಲಿ ಮೈಸೂರು ನಗರದ ನಾಗರಿಕರು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರವನ್ನು ಅಥವಾ ಮೈಸೂರು ವೈದ್ಯಕೀಯ ಮಹಾವಿದ್ಯಾಲಯಕ್ಕೆ ಸೇರಿದ ಕೆ.ಆರ್. ಆಸ್ಪತ್ರೆಯ ಹೊರರೋಗಿ ವಿಭಾಗವನ್ನು ಸಂಪರ್ಕಿಸಬಹುದಾಗಿದೆ. ಸೇವಿಸುತ್ತಿರುವ ಎಲ್ಲ ಔಷಧಗಳ ಚೀಟಿಗಳನ್ನು ಜೊತೆಯಲ್ಲಿ ತರತಕ್ಕದ್ದು.