ಹಳೇ ಫೋನ್ ಮಾರೋ ಮುಂಚೆ
ಹೊಸ ಫೋನ್ ತಗೊಂಡ್ರಾ? ಹಳೇದನ್ನ ಮಾರೋ ಮುಂಚೆ ಒಂದ್ನಿಮಿಷ. ಕ್ರೋಮ್‌ನಲ್ಲಿ ಸೇವ್ ಮಾಡಿ ಸಿಂಕ್ ಆದ ಪಾಸ್‌ವರ್ಡ್‌ಗಳು ನಿಮ್ಮ ಗೂಗಲ್ ಖಾತೆಯಲ್ಲಿರ್ತವೆ. ಅದೇ ಖಾತೆ ಇರೋ ಲ್ಯಾಪ್‌ಟಾಪ್, ಟ್ಯಾಬ್, ಎಲ್ಲಕ್ಕೂ ಬರ್ತವೆ. ಅದಕ್ಕೇ ಹಳೇ ಫೋನಲ್ಲಿ ಕೂತು ಒಂದೊಂದೇ ಪಾಸ್‌ವರ್ಡ್ ಅಳಿಸ್ಬೇಡಿ! ಹೊಸ ಫೋನಿಂದಲೂ ಹೋಗ್ಬಿಡ್ತವೆ. ಮೊದಲು ಹಳೇ ಫೋನಿಂದ ಖಾತೆ ತೆಗೀರಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ.

ಫೋನ್ ಆಗಲೇ ಕೈಬಿಟ್ಟು ಹೋಯ್ತಾ? ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಡಿವೈಸ್‌ಗಳ ಪಟ್ಟಿ ಇದೆ. ಅಲ್ಲಿಂದಲೇ ಸೈನ್ ಔಟ್ ಮಾಡ್ಬಹುದು.

ಇನ್ನೊಂದು, ಇದು ನಿಜಕ್ಕೂ ಅಪಾಯದ್ದು. ಪಾಸ್‌ವರ್ಡ್‌ಗಳನ್ನ ಎಕ್ಸ್‌ಪೋರ್ಟ್ ಮಾಡಿದಾಗ ಸಿಗೋ ಸಿಎಸ್‌ವಿ ಫೈಲ್‌ಗೆ ಯಾವ ರಕ್ಷಣೆಯೂ ಇಲ್ಲ. ಯಾರು ತೆರೆದರೂ ಎಲ್ಲಾ ಓದ್ಬಹುದು. ಅದನ್ನ ವಾಟ್ಸಾಪ್‌ನಲ್ಲಿ ಕಳಿಸ್ಬೇಡಿ. ಕೆಲಸ ಮುಗಿದ ಕೂಡಲೇ ಡಿಲೀಟ್ ಮಾಡಿ, ರೀಸೈಕಲ್ ಬಿನ್‌ನಿಂದಲೂ.