ವ್ಯಾರಿಸೈಟ್: ಹಸಿರು ಫಾಸ್ಫೇಟ್ ಖನಿಜವೊಂದರ ಲಕ್ಷಣ ಮತ್ತು ಗುರುತಿಸುವಿಕೆ

ಕನ್ನಡದ 'ಪಚ್ಚೆ' ಎಂಬ ಪದ ಬಣ್ಣವನ್ನೂ ರತ್ನವನ್ನೂ ಸೂಚಿಸುತ್ತದೆ. ಜನಬಳಕೆಯಲ್ಲಿ ಬಣ್ಣವೇ ಕಲ್ಲಿನ ಗುರುತಾಗುವುದು ಸಹಜ. ಆದರೆ ಪ್ರಾಚೀನ ಆಭರಣಗಳ ಆಧಾರದಿಂದ ಜನಜೀವನವನ್ನು ಪುನಾರಚಿಸಬಯಸುವ ಸಂಶೋಧಕರಿಗೆ ಬಣ್ಣವೊಂದೇ ಸಾಕ್ಷ್ಯವಾಗಲಾರದು. ಪಶ್ಚಿಮ ಯುರೋಪಿನ ನವಶಿಲಾಯುಗದ ಹಸಿರು ಮಣಿಗಳ ಅಧ್ಯಯನ ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಈ ಮಣಿಗಳಲ್ಲಿ ಹಲವು ವ್ಯಾರಿಸೈಟ್ ಎಂಬ ಜಲಯುಕ್ತ ಅಲ್ಯೂಮಿನಿಯಂ ಫಾಸ್ಫೇಟ್‌ನಿಂದಾದವು. ಜರ್ಮನಿಯ ಫೋಗ್ಟ್‌ಲ್ಯಾಂಡ್ ಪ್ರದೇಶದ ಹಳೆಯ ಲ್ಯಾಟಿನ್ ಹೆಸರು ವಾರಿಸ್ಕಿಯಾ. ಅದನ್ನು ಆಧರಿಸಿ ಆಗಸ್ಟ್ ಬ್ರೈಟ್‌ಹಾಪ್ಟ್ 1837ರಲ್ಲಿ ಈ ಖನಿಜಕ್ಕೆ ಹೆಸರಿಟ್ಟನು. ಫಾಸ್ಫೇಟ್ ಕರಗಿದ ನೀರು ಅಲ್ಯೂಮಿನಿಯಂ ಹೇರಳವಾಗಿರುವ ಶಿಲೆಗಳೊಡನೆ ವರ್ತಿಸಿದಾಗ ಇದು ಭೂಮಿಯ ಮೇಲ್ಪದರಗಳಲ್ಲಿ ಎಳೆಗಳಾಗಿ, ಗಂಟುಗಳಾಗಿ ರೂಪುಗೊಳ್ಳುತ್ತದೆ. ಬಿಡಿ ಹರಳುಗಳು ವಿರಳ. ಅಲ್ಪ ಪ್ರಮಾಣದ ಕ್ರೋಮಿಯಂ ಮತ್ತು ವನೇಡಿಯಂ ಇದರ ಹಸಿರಿಗೆ ಕಾರಣ. ಮೋಸ್ ಮಾಪಕದಲ್ಲಿ ಕಾಠಿಣ್ಯ ಸುಮಾರು 3.5ರಿಂದ 4.5, ಸಾಪೇಕ್ಷ ಸಾಂದ್ರತೆ ಸುಮಾರು 2.5, ಹೊಳಪು ಬಹುಮಟ್ಟಿಗೆ ಮೇಣದಂಥದು. ಹೀಗೆ ಮೃದುವಾಗಿರುವುದರಿಂದಲೇ ಲೋಹದ ಉಪಕರಣಗಳಿಲ್ಲದ ಕಾಲದಲ್ಲಿಯೂ ಇದನ್ನು ಕೊರೆದು ಮಣಿಯಾಗಿಸುವುದು ಸಾಧ್ಯವಾಯಿತು.

ಇದನ್ನು ಹೋಲುವ ಕಲ್ಲುಗಳು ಹಲವು. ಕ್ರಿಸೊಪ್ರೇಸ್ ಹೆಚ್ಚು ಗಡುಸು; ಅದರ ಕಾಠಿಣ್ಯ 6.5ರಿಂದ 7. ಮ್ಯಾಲಕೈಟ್ ಸುಮಾರು 4ರಷ್ಟು ಸಾಂದ್ರತೆಯುಳ್ಳದ್ದು. ಆಮ್ಲ ತಗುಲಿದರೆ ನೊರೆಯುಕ್ಕುತ್ತದೆ. ಟರ್ಕ್ವಾಯಿಸ್ ಮಾತ್ರ ಸುಲಭವಾಗಿ ಭ್ರಮೆ ಹುಟ್ಟಿಸುತ್ತದೆ, ಏಕೆಂದರೆ ಅದೂ ಜಲಯುಕ್ತ ಅಲ್ಯೂಮಿನಿಯಂ ಫಾಸ್ಫೇಟೇ. ಆದರೆ ಅದರಲ್ಲಿ ತಾಮ್ರವಿದೆ. ಅಲ್ಯೂಮಿನಿಯಂ ಮತ್ತು ರಂಜಕದ ಪರಮಾಣುಗಳ ಅನುಪಾತ 3:2. ವ್ಯಾರಿಸೈಟ್‌ನಲ್ಲಿ ಅದು 1:1. ಗೀರುವ, ಆಮ್ಲ ಹಾಕುವ ಪರೀಕ್ಷೆಗಳು ಪುರಾತನ ಮಣಿಗಳಿಗೆ ಸಲ್ಲವು. ವಸ್ತುವಿಗೆ ಹಾನಿಮಾಡದ ಕ್ಷಕಿರಣ ಪ್ರತಿದೀಪ್ತಿ ಹಾಗೂ ರಾಮನ್ ರೋಹಿತ ವಿಧಾನಗಳೇ ಯುಕ್ತ.

ಫ್ರಾನ್ಸಿನ ಬ್ರಿಟನಿಯ ಸಮಾಧಿಯೊಂದರಲ್ಲಿ ದೊರೆತ ಹಸಿರು ಮಣಿಗಳನ್ನು ವಿಶ್ಲೇಷಿಸಿದ ದಮೂರ್, 1864ರಲ್ಲಿ ಅವುಗಳನ್ನು ಅಲ್ಯೂಮಿನಿಯಂ ಫಾಸ್ಫೇಟ್ ಎಂದು ಗುರುತಿಸಿ, ಪ್ಲಿನಿಯ ಗ್ರಂಥದಿಂದ ಆಯ್ದ 'ಕಲ್ಲಾಯಿಸ್' ಎಂಬ ಹೆಸರನ್ನು ಕೊಟ್ಟನು. ಮುಂದೆ ಈ ಹೆಸರು ಒಂದಕ್ಕಿಂತ ಹೆಚ್ಚು ಖನಿಜಗಳ ಮಣಿಗಳಿಗೆ ಬಳಕೆಯಾಗಿ ಗೊಂದಲಕ್ಕೆ ಎಡೆಯಾಯಿತು. ಪಶ್ಚಿಮ ಫ್ರಾನ್ಸಿನ ಪನ್ನೆಸೆಯಲ್ಲಿಯೂ ವ್ಯಾರಿಸೈಟ್ ಇರುವುದರಿಂದ ಮಣಿಗಳು ಸ್ಥಳೀಯವೆಂದು ಊಹಿಸುವುದು ಸುಲಭ. ಆದರೆ ಧಾತು ವಿಶ್ಲೇಷಣೆಗಳು ಕಾರ್ನಾಕ್ ಪರಿಸರದ ಮಣಿಗಳನ್ನು ಐಬೀರಿಯಾ ಪರ್ಯಾಯದ್ವೀಪದ ನಿಕ್ಷೇಪಗಳೊಂದಿಗೆ ಜೋಡಿಸಿವೆ. ಆ ಪರ್ಯಾಯದ್ವೀಪದಲ್ಲಿ ಬಾರ್ಸಿಲೋನಾ ಸಮೀಪದ ಗವಾ, ನೈಋತ್ಯ ಸ್ಪೇನಿನ ಎನ್ಸಿನಾಸೋಲಾ ಮುಂತಾದೆಡೆ ನವಶಿಲಾಯುಗದ ಜನ ಈ ಕಲ್ಲನ್ನು ಅಗೆದು ತೆಗೆದಿದ್ದರು.

ಹೀಗೆ ಖನಿಜದ ಸರಿಯಾದ ಗುರುತು, ಬರಹವಿಲ್ಲದ ಸಮುದಾಯಗಳ ದೂರಸಂಪರ್ಕಕ್ಕೆ ಸಾಕ್ಷಿಯಾಗುತ್ತದೆ. ಮಣಿಯನ್ನು ಧರಿಸಿದವರು ಅದನ್ನು ಏನೆಂದು ಕರೆದರೆಂಬುದು ಉಳಿದಿಲ್ಲ. ಅದು ಎಲ್ಲಿಂದ ಬಂದಿತೆಂಬುದು ಕಲ್ಲಿನಲ್ಲೇ ಉಳಿದಿದೆ. ಆದ್ದರಿಂದ ಸಂಗ್ರಹಾಲಯದ ದಾಖಲೆಯಲ್ಲಿ 'ಹಸಿರು ಕಲ್ಲು' ಎಂದಷ್ಟೇ ಬರೆಯುವುದು ಆ ಜನರ ಚರಿತ್ರೆಯ ಒಂದು ಭಾಗವನ್ನು ಕೈಬಿಟ್ಟಂತೆಯೇ ಸರಿ.